ಲುವೀನಿಯಾಳ ಬಿಳಿ ಕೈಗವಸು

ವಾರದ ಆರು ದಿನ ಲುವೀನಿಯಾಳ ಕೈಗಳು ಹೋಟೆಲಿನ ಲಾಂಡ್ರಿಯಲ್ಲಿ ಬೇಯುತ್ತಿದ್ದವು. ಯಾರೋ ಮಲಗಿ ಎದ್ದ ಹಾಸುಬಟ್ಟೆಗಳನ್ನು ಕುದಿನೀರಿನಿಂದ ಎತ್ತಬೇಕು, ಹಿಂಡಬೇಕು, ಇಸ್ತ್ರಿ ಹಾಕಬೇಕು. ಬೆರಳ ಸಂದಿಯ ಚರ್ಮ ಬಿರಿದು, ಅಡುಗೆಯ ಉಪ್ಪು ತಾಗಿದರೆ ಜೀವ ಹೋದಂತಾಗುತ್ತಿತ್ತು. ಭಾನುವಾರ ಮಾತ್ರ ಆ ಕೈಗಳಿಗೆ ಬಿಳಿ ಕೈಗವಸು.

ಅಮೆರಿಕದ ಓಹಾಯೋ ನದಿಯ ದಂಡೆಯ ಕ್ಯಾಟಲ್ಪಾ ಬೀದಿ ಕಪ್ಪು ಜನರ ಬೀದಿ. ಅಲ್ಲಿನ ಚರ್ಚಿನಲ್ಲಿ ಬಾಗಿಲು ಕಾದು ಜನರನ್ನು ಕೂರಿಸುವ ಹೆಂಗಸರಿಗೆಲ್ಲ ಲುವೀನಿಯಾಳೇ ಹಿರಿಯಳು. ಆ ಕೆಲಸದಲ್ಲಿ ಮಾತಿಲ್ಲ, ಎಲ್ಲ ಕೈಸನ್ನೆ. ಅಂಗೈ ಚಾಚಿದರೆ ಇಲ್ಲಿ ಕೂರಿ ಎಂದರ್ಥ. ಬಲಗೈ ಎದೆಗೆ ಹೋದರೆ ಪ್ರಾರ್ಥನೆ: ಎಲ್ಲರೂ ಏಳಬೇಕು, ಬಾಗಿಲು ಮುಚ್ಚಬೇಕು, ಯಾರೂ ಒಳಹೊರಗೆ ಓಡಾಡುವಂತಿಲ್ಲ. ಒಮ್ಮೆ ತಡವಾಗಿ ಬಂದ ಪಾದ್ರಿಯನ್ನೇ ಮೆಟ್ಟಿಲ ಮೇಲೆ ನಿಲ್ಲಿಸಿದ್ದಳು. ಬೀಸಣಿಗೆಯಾಗಲಿ, ಹಾಡಿನ ಪುಸ್ತಕವಾಗಲಿ, ಆ ಬಿಳಿ ಕೈಗವಸು ಕೊಟ್ಟದ್ದನ್ನು ಯಾರೂ ಬೇಡವೆನ್ನುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಫೆಬ್ರವರಿಯ ಒಂದು ಭಾನುವಾರ ನಗರ ನವೀಕರಣ ಕಚೇರಿಯ ಬಿಳಿಯ ಅಧಿಕಾರಿ ಕ್ರಾಫ್ಟನ್ ಚರ್ಚಿಗೇ ಬಂದ. ಲುವೀನಿಯಾ ಅವನನ್ನು ಮೊದಲ ಸಾಲಲ್ಲಿ ಕೂರಿಸಿದಳು. ಅವನು ಬಣ್ಣದ ನಕ್ಷೆ ಹರಡಿ, ಬೀದಿ ಚೆಂದವಾಗುತ್ತದೆಂದು ಹತ್ತು ನಿಮಿಷ ಮಾತಾಡಿದ. ಆಮೇಲೆ ಒಂದಷ್ಟು ಹಾಳೆ ಅವಳ ಕೈಗಿತ್ತ.

"ಬಂದೋರ ಹೆಸರು ಬರ್ಕೊಳ್ಳೋಕೆ ಕಣೇ ಲುವೀನಿಯಾ. ಅಷ್ಟೇ."

ಅವಳು ಸಾಲು ಸಾಲಿಗೂ ಹಾಳೆ ಹಂಚಿದಳು. ಝೂಲಾ ಅಜ್ಜಿ ಕಣ್ಣು ಕಿರಿದು ಮಾಡಿ, "ಏನಮ್ಮಾ ಇದು?" ಎಂದಳು.

"ಹೆಸ್ರು ಹಾಕಜ್ಜಿ. ಮನೆಗೆ ಬಂದೋರಿಗೆ ಮರ್ಯಾದೆ ಕೊಡ್ಬೇಕು."

ಇನ್ನೂರ ಹದಿನಾಲ್ಕು ಸಹಿ ಬಿದ್ದವು.

ಏಪ್ರಿಲಿನಲ್ಲಿ ಮನೆಮನೆಯ ಬಾಗಿಲಿಗೂ ನೋಟೀಸು. 'ಈ ಕೊಳೆಗೇರಿಯ ನಿವಾಸಿಗಳ ಒಪ್ಪಿಗೆಯಂತೆ, ಸಹಿ 214, ಹೆದ್ದಾರಿಗಾಗಿ ತೊಂಬತ್ತು ದಿನಗಳಲ್ಲಿ ಮನೆ ಖಾಲಿ ಮಾಡತಕ್ಕದ್ದು.' ಕ್ಷೌರದಂಗಡಿಯ ಥ್ಯಾಡಿಯಸ್ ಅದನ್ನು ಕಿತ್ತುಕೊಂಡು ನೇರ ಅವಳ ಮನೆಗೆ ಬಂದ.

"ಬಿಳಿಯೋರ ಕಾಗದಕ್ಕೆ ನಾನು ಜನ್ಮದಲ್ಲಿ ಸಹಿ ಹಾಕ್ದೋನಲ್ಲ, ಲುವೀನಿಯಕ್ಕ. ನೀನು ಕೊಟ್ಟೆ ಅಂತ ಹಾಕ್ದೆ."

"ಹಾಜರಿ ಅಂದ್ನಪ್ಪ ಅವ್ನು..."

"ಹಾಜರೀನೇ. ನಮ್ಮ ಹೆಣಕ್ಕೆ ನಾವೇ ಹಾಜರಿ ಹಾಕಿದ್ವಿ."

ಝೂಲಾ ಅಜ್ಜಿ ಬೈಯಲೂ ಇಲ್ಲ. ಅದೇ ಹೆಚ್ಚು ಉರಿಯಿತು. ಲುವೀನಿಯಾ ಅವಳ ಮನೆಗೆ ಹೋದಾಗ ಅಜ್ಜಿ ಆಗಲೇ ತಟ್ಟೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು.

"ಎಲ್ಲಿಗ್ ಹೋಗ್ತೀಯಜ್ಜಿ?"

"ಅದನ್ನ ಕಾಗದದಲ್ಲಿ ಬರ್ದಿಲ್ವಂತಲ್ಲ."

ಲುವೀನಿಯಾಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈಗವಸುಗಳನ್ನು ಒಗೆದಳು, ಒಣಗುವ ಮೊದಲೇ ಮತ್ತೆ ಒಗೆದಳು. ಅವನ ಮೋಸ ಅವನದು. ಆದರೆ ಅದನ್ನು ಸಾಲು ಸಾಲಿಗೆ ಹಂಚಿದ್ದು ತನ್ನ ಕೈ. ನಾಚಿಕೆ ಸಿಟ್ಟಾಯಿತು. ಅವಳು ಬೀದಿಗಿಳಿದಳು. ಎರಡು ವಾರ ಒಂದು ಬಾಗಿಲನ್ನೂ ಬಿಡದೆ ತಟ್ಟಿದಳು. ಮೊದಲ ಬಾಗಿಲು ಥ್ಯಾಡಿಯಸ್‌ನದು.

"ಮತ್ತೇನು ಹಂಚೋಕೆ ಬಂದೆ?" ಎಂದ ಅವನು.

"ಏನೂ ಇಲ್ಲ. ಈ ಸಲ ನೀನು ಬಂದ್ರೆ ಸಾಕು."

ಪುರಭವನದ ಅಹವಾಲು ಸಭೆ ಬುಧವಾರ ಮಧ್ಯಾಹ್ನ ಎರಡಕ್ಕೆ. ದುಡಿಯುವವರು ಬರಬಾರದೆಂದೇ ಆ ಹೊತ್ತು. ಆದರೆ ಆವತ್ತು ಹೋಟೆಲಿನ ಹಾಸುಬಟ್ಟೆ ಹಾಗೇ ಬಿದ್ದಿತ್ತು, ಕ್ಷೌರದಂಗಡಿಗೆ ಬೀಗ ಬಿದ್ದಿತ್ತು. ಪುರಭವನದ ಬಾಗಿಲುಗಳಲ್ಲಿ ಲುವೀನಿಯಾಳೂ ಸೇರಿ ಚರ್ಚಿನ ಬಾಗಿಲು ಕಾಯುವ ಎಂಟು ಹೆಂಗಸರು ಬಿಳಿ ಉಡುಪಿನಲ್ಲಿ ನಿಂತು ಜನರನ್ನು ಸದ್ದಿಲ್ಲದೆ ಕೂರಿಸುತ್ತಿದ್ದರು. ಇವರನ್ನು ಕಚೇರಿಯವರೇ ನೇಮಿಸಿರಬೇಕೆಂದುಕೊಂಡು ಕಾವಲುಗಾರ ಸಲಾಮು ಹೊಡೆದ.

ಕ್ರಾಫ್ಟನ್ ತುಂಬಿದ ಸಾಲುಗಳನ್ನು ನೋಡಿ ಗಂಟಲು ಸರಿಮಾಡಿಕೊಂಡ. "ಇನ್ನೂರ ಹದಿನಾಲ್ಕು ಜನ ಒಪ್ಪಿದ್ದಾರೆ. ತಕರಾರಿಗೆ ಯಾರೂ ಹೆಸರು ಕೊಟ್ಟಿಲ್ಲ. ಸಭೆ ಮುಗೀತು."

"ನಂದು ತಕರಾರಿದೆ!" ಥ್ಯಾಡಿಯಸ್ ಎದ್ದ.

"ಮುಂಚೇನೇ ಬರೆದು ಕೊಡಬೇಕಿತ್ತು." ಕ್ರಾಫ್ಟನ್ ಚೀಲ ಎತ್ತಿಕೊಂಡ.

ಲುವೀನಿಯಾಳ ಬಲಗೈ ಎದೆಗೆ ಹೋಯಿತು.

ಇಡೀ ಸಭಾಂಗಣ ಒಟ್ಟಿಗೆ ಎದ್ದು ನಿಂತಿತು. ಬಾಗಿಲುಗಳು ಮುಚ್ಚಿದವು. ಮೊದಲು ಕೇಳಿದ್ದು ನಡುಗುವ ಮುದಿ ದನಿ. "ಝೂಲಾ ಪ್ರಯೋಲೋ. ಹನ್ನೆರಡನೇ ಮನೆ. ನಾನು ಒಪ್ಪಿಲ್ಲ."

"ಆಮೆನ್" ಎಂದರು ಎಲ್ಲರೂ.

ಕ್ರಾಫ್ಟನ್ ಲುವೀನಿಯಾ ನಿಂತಿದ್ದ ಬಾಗಿಲಿಗೆ ಧಾವಿಸಿದ. "ದಾರಿ ಬಿಡೇ, ಲುವೀನಿಯಾ."

"ನನ್ನನ್ನ ಮಿಸೆಸ್ ಗ್ಯಾಡ್ಸನ್ ಅನ್ನಿ."

"ಪೊಲೀಸರನ್ನ ಕರೀತೀನಿ!"

"ಕರೀರಿ. ಪ್ರಾರ್ಥನೆ ಮುಗಿಯೋತನಕ ಅವರೂ ಆಚೆನೇ ನಿಲ್ಬೇಕು. ನಾನು ಪಾದ್ರೀನೇ ನಿಲ್ಲಿಸ್ದೋಳು."

ಅವಳು ಅಂಗೈ ಚಾಚಿದಳು. ಮೊದಲ ಸಾಲಿನಲ್ಲಿ ಒಂದೇ ಒಂದು ಕುರ್ಚಿ ಖಾಲಿಯಿತ್ತು. ಹಿಂದೆ ಥ್ಯಾಡಿಯಸ್ ತನ್ನ ಹೆಸರು ಕೂಗುತ್ತಿದ್ದ. ಕ್ರಾಫ್ಟನ್ ಸುತ್ತಲೂ ನೋಡಿ, ಹೋಗಿ ಕೂತ.

ಲುವೀನಿಯಾ ಅವನ ತೊಡೆಯ ಮೇಲೆ ಒಂದಷ್ಟು ಖಾಲಿ ಹಾಳೆ, ಒಂದು ಪೆನ್ಸಿಲ್ ಇಟ್ಟಳು.

"ಬಂದೋರ ಹೆಸರು ಬರ್ಕೊಳ್ಳಿ. ಅಷ್ಟೇ."