ನಾಲ್ಕು ಸಾಲಿನ ಪತ್ರ

ಹೊಟ್ಟೆಕಿಚ್ಚು ತನಗೆ ಗೊತ್ತೇ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನನಗೆ ಚೆನ್ನಾಗಿ ಗೊತ್ತು. ಮೂವತ್ತೆಂಟು ವರ್ಷಗಳಿಂದ ಅದನ್ನು ಸಾಕಿಕೊಂಡು ಬಂದಿದ್ದೇನೆ, ಅದೂ ಒಬ್ಬನೇ ಒಬ್ಬ ಮನುಷ್ಯನ ಮೇಲೆ. ಅವನು ಬೆಂಗರೆಯ ಯಾದವ, ಕಡಲಿಗೆ ಹೋಗುವವರ ಮನೆಯವನು. ಬರೆದದ್ದು ಒಂದೇ ಪುಸ್ತಕ. ನಾನು ಮೂರು ಬರೆದಿದ್ದೇನೆ. ಆದರೂ ಊರು ಕೇಳುವುದು ಅವನನ್ನೇ.

ಕಳೆದ ಸೋಮವಾರ ಮಂಗಳೂರು ಜೆಪ್ಪುವಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಜ್ಯೋತ್ಸ್ನಾಳ ಫೋನು ಬಂತು. ಶಕ್ತಿನಗರದಲ್ಲಿ ಓದುಗರ ಬಳಗ ನಡೆಸುವ ಹುಡುಗಿ. ‘ಎಂಬತ್ತರ ದಶಕದ ಹತ್ತು ಸಾಹಸ ಪುಸ್ತಕಗಳು’ ಎಂದು ಒಂದು ಪ್ರದರ್ಶನ ಇಡುತ್ತಾಳಂತೆ. ಆ ಕಾಲದ ಓದುಗರನ್ನೆಲ್ಲ ಹುಡುಕಿ, ನೆನಪಿರುವ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡಿದ್ದಳು. ಫಲಿತಾಂಶ ಓದಿ ಹೇಳುತ್ತೇನೆ ಎಂದಳು. ನಾನು ಎಣ್ಣೆಯ ಕೈಯಲ್ಲೇ ಫೋನು ಹಿಡಿದು ನೆಟ್ಟಗೆ ಕೂತೆ.

ಕಾಡು ಹೊಕ್ಕವರ ಪುಸ್ತಕ ಮೂರು. ಗುಹೆ, ನಿಧಿ ಅಂತ ಎರಡು. ಘಟ್ಟದಲ್ಲಿ ವಿಮಾನ ಬಿದ್ದು ಬದುಕಿದವರದ್ದು ಒಂದು. ಹುಲಿಯದ್ದು ಒಂದು. ಹಿಮಾಲಯ ಹತ್ತಿದವರದ್ದು ಎರಡು. ಒಂಬತ್ತಾಯಿತು. ಕಡಲಿಗೆ ಉಳಿದದ್ದು ಒಂದೇ ಜಾಗ.

“ಹತ್ತನೆಯದು ಯಾದವಣ್ಣನ ‘ಇಂಜಿನ್ ನಿಂತ ಮೇಲೆ’ ಸರ್. ನಲವತ್ತೊಂದು ಚೀಟಿ!” ಎಂದಳು ಹುಡುಗಿ, ನನಗೆ ಖುಷಿಯಾಗುತ್ತದೆ ಎಂಬಂತೆ.

“ನನ್ನದು?”

“ನಿಮ್ಮ ‘ಪ್ರಳಯ ಸಾಗರದ ಸಾಹಸಿ’ ಹನ್ನೊಂದನೆಯದು ಸರ್. ಏಳು ಚೀಟಿ.”

ಆ ಏಳರಲ್ಲಿ ಒಂದು ನಾನೇ ಹಾಕಿದ್ದು. ನನ್ನ ಹೆಂಡತಿ ಕಾರ್ಮಿನ್ ಯಾರಿಗೆ ಹಾಕಿದಳೋ, ಕೇಳುವ ಧೈರ್ಯ ನನಗಿಲ್ಲ. ಹೊಟ್ಟೆಯೊಳಗೆ ಮೆಣಸು ಅರೆದ ಹಾಗಾಯಿತು. ಅಷ್ಟರಲ್ಲಿ ಹುಡುಗಿ ಹೇಳಿದಳು, “ಒಂದು ಪ್ರಾಬ್ಲೆಮ್ ಉಂಟು ಸರ್. ಪುಸ್ತಕ ಎದುರಿಗೆ ಇಲ್ಲದೆ ನಾವು ಇಡುವುದಿಲ್ಲ, ಜನ ಮುಟ್ಟಿ ನೋಡ್ಬೇಕು. ಯಾದವಣ್ಣನದ್ದು ಎಲ್ಲಿಯೂ ಸಿಗ್ತಾ ಇಲ್ಲ. ಅವರಲ್ಲಿದ್ದದ್ದೆಲ್ಲ ಕಡಲು ಉಕ್ಕಿದ ವರ್ಷ ಮನೆಯ ಕೋಣೆಯೊಟ್ಟಿಗೆ ಹೋಯ್ತಂತೆ. ರಾಫೆಲ್ ಮಾಸ್ಟ್ರಿಗೆ ಒಂದು ಕೊಟ್ಟಿದ್ದೆ, ಅವರು ಜೋಪಾನ ಮಾಡಿರ್ತಾರೆ ಅಂದ್ರು. ಉಂಟಾ ಸರ್?”

ಉಂಟು. ನನ್ನ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಅಡಿಯಲ್ಲಿ, ಯಾದವ ಕೊಟ್ಟಾಗ ಹೇಗಿತ್ತೋ ಹಾಗೆಯೇ ಉಂಟು. ಪೇಪರು ಸುತ್ತಿ ಬಲೆಯ ಹುರಿಯಿಂದ ಕಟ್ಟಿದ ಗಂಟನ್ನು ನಾನು ಇಂದಿಗೂ ಬಿಚ್ಚಿಲ್ಲ.

“ಇಲ್ಲಮ್ಮ,” ಎಂದೆ. “ಎಂತ ಮಾಡುವುದು, ಗೆದ್ದಲು.”

“ಛೆ! ಹಾಗಾದ್ರೆ ಹತ್ತನೆಯ ಜಾಗ ನಿಮ್ಮ ಪುಸ್ತಕಕ್ಕೇ ಸರ್. ಶನಿವಾರ ಬೆಳಿಗ್ಗೆ ಬನ್ನಿ.”

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಪ್ಪತ್ತಮೂರು ವರ್ಷದ ಮುದುಕ, ನಿವೃತ್ತ ಮೇಷ್ಟ್ರು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನು, ಸುಳ್ಳು ಹೇಳಿ ಸಂತೋಷಪಟ್ಟೆ. ನಾಚಿಕೆ ಆಯಿತೇ? ಆಗಲಿಲ್ಲ.

ಯಾಕೆ ಆಗಲಿಲ್ಲ ಎಂದು ಹೇಳುತ್ತೇನೆ. ಎಂಬತ್ತೆರಡರಲ್ಲಿ ಯಾದವನ ಬೋಟಿನ ಇಂಜಿನ್ ಕೆಟ್ಟು, ಅವನು ಮತ್ತು ಇನ್ನಿಬ್ಬರು ಹನ್ನೊಂದು ದಿನ ಕಡಲಲ್ಲಿ ತೇಲಿದರು. ಬದುಕಿ ಬಂದವನು ಸೇರಿದ್ದು ಕಾರ್ಮಿನ್ ನರ್ಸ್ ಆಗಿದ್ದ ಆಸ್ಪತ್ರೆಗೆ. “ಕಥೆ ಬೇಕು ಬೇಕು ಅಂತೀರಲ್ಲ, ನಮ್ಮ ವಾರ್ಡಿನಲ್ಲಿ ಒಂದು ಮಲಗಿ ಉಂಟು, ಬನ್ನಿ” ಎಂದು ಅವಳೇ ಕರೆದಳು. ಹದಿನೈದು ಸಂಜೆ ನೋಟ್‌ಬುಕ್ಕು ಹಿಡಿದು ಅವನ ಮಂಚದ ಬದಿಯಲ್ಲಿ ಕೂತೆ. ಅವನು ಹೇಳಿದ, ನಾನು ಬರೆದುಕೊಂಡೆ. ಬಂದರಿನಿಂದ ಬೆಂಗರೆಗೆ ಹೋಗುವ ದೋಣಿಯಲ್ಲೇ ವಾಂತಿ ಮಾಡುವ ನಾನು, ಎಂಬತ್ತನಾಲ್ಕರಲ್ಲಿ ನಡುಗಡಲಿನ ಕಾದಂಬರಿ ಹೊರತಂದೆ.

ಅದರಲ್ಲಿ ಒಂದು ಸಾಲಿತ್ತು: ‘ಕಡಲ ಗರ್ಭವನ್ನು ಸೀಳಿಕೊಂಡು ಬೆಳಗಿನ ಸೂರ್ಯ ಧಗಧಗನೆ ಮೇಲೆದ್ದನು.’ ಒಂದು ಪತ್ರಿಕೆಯ ವಿಮರ್ಶಕ ಅದನ್ನು ಹಿಡಿದುಕೊಂಡ. ‘ಮಂಗಳೂರಿನಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಕಡಲಿನಿಂದ ಹುಟ್ಟುವುದು ರಾಫೆಲ್ ಮಾಸ್ತರರಿಗೆ ಮಾತ್ರ’ ಎಂದು ಬರೆದ. ಮುಗಿಯಿತು. ಸ್ಟಾಫ್ ರೂಮಿನಲ್ಲಿ ನಗೆ, ಇಗರ್ಜಿಯ ಅಂಗಳದಲ್ಲಿ ನಗೆ. ಮಕ್ಕಳು ನನಗೆ ‘ಉಲ್ಟಾ ಸೂರ್ಯ’ ಎಂದು ಹೆಸರಿಟ್ಟರು. ಮೊನ್ನೆ ಪಡೀಲಿನಲ್ಲಿ ಸಿಕ್ಕಿದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅವನಿಗೇ ಮೊಮ್ಮಕ್ಕಳು, ಹೆಂಡತಿಗೆ ನನ್ನ ಪರಿಚಯ ಮಾಡಿಸಿದ್ದೂ ಆ ಹೆಸರಿನಲ್ಲೇ.

ನಾನು ಬರೆದದ್ದು ಸರಿಯಿತ್ತು! ದಡ ಕಾಣದಷ್ಟು ದೂರ ಹೋದವನಿಗೆ ಸುತ್ತ ನಾಲ್ಕು ದಿಕ್ಕಿಗೂ ನೀರೇ. ಯಾದವ ಹೇಳಿದ್ದನ್ನೇ ನಾನು ಬರೆದದ್ದು. ಆದರೆ ನೆಲದ ಮೇಷ್ಟ್ರ ಮಾತನ್ನು ನಂಬುವವರು ಯಾರು? ಯಾದವನ ಹತ್ತಿರ ಹೋಗಿ ಅಂಗಲಾಚಿದೆ: “ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡು ಮಾರಾಯ. ಕಡಲಿಗೆ ಹೋದವನು ನೀನು, ನಿನ್ನ ಮಾತು ನಂಬ್ತಾರೆ.” ಅವನು ಆಯ್ತು ಎಂದ. ತಿಂಗಳು ಕಳೆಯಿತು, ಮಳೆಗಾಲ ಕಳೆಯಿತು. ನಾಲ್ಕು ಸಾಲು ಬರಲಿಲ್ಲ. ಎಂಬತ್ತಾರರಲ್ಲಿ ಬಂದದ್ದು ಅವನದೇ ಪುಸ್ತಕ! ಏಳನೇ ಕ್ಲಾಸು ಓದಿದವನು, ಅದೇ ಕಡಲು, ಅದೇ ಹನ್ನೊಂದು ದಿನ. ನನಗೆ ಬಾಯಾರೆ ಕೊಟ್ಟ ಕಥೆಯನ್ನು ಕೈಯಾರೆ ಕಿತ್ತುಕೊಂಡ. ಊರೆಲ್ಲ ಓದಿತು. ಮೊದಲ ಪ್ರತಿ ನಿಮಗೇ ಎಂದು ಕಟ್ಟಿ ತಂದುಕೊಟ್ಟಾಗ ನಾನು ಒಂದು ಮಾತೂ ಆಡದೆ ಕಪಾಟಿಗೆ ತುರುಕಿದೆ. ಆಮೇಲೆ ಯಾರಾದರೂ ಆ ಪುಸ್ತಕದ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ರೋಗಿಯೊಬ್ಬ ಬಿಟ್ಟುಹೋದ ಪ್ರತಿಯನ್ನು ಓದಿದ ಕಾರ್ಮಿನ್, “ನೀವೊಮ್ಮೆ ಓದಿ” ಎಂದದ್ದಕ್ಕೆ ಮೂರು ದಿನ ಅವಳೊಡನೆ ಮಾತು ಬಿಟ್ಟಿದ್ದೆ. ಮತ್ತೆ ಅವಳು ಆ ಸುದ್ದಿ ಎತ್ತಲಿಲ್ಲ.

ಗುರುವಾರ ಮಧ್ಯಾಹ್ನ ಯಾದವನೇ ಮನೆಗೆ ಬಂದ. ಕೈಯಲ್ಲಿ ಬಾಳೆಲೆ ಸುತ್ತಿದ ಬಂಗುಡೆ ಮೀನು. ತಲೆ ಪೂರ್ತಿ ಬೆಳ್ಳಗಾಗಿದೆ. ಬೋಟಿನ ಇಂಜಿನ್ನಿನ ಸದ್ದು ಕೇಳಿ ಕೇಳಿ ಎಡಗಿವಿ ಹೋಗಿದೆ, ಬಲಗಿವಿಯೂ ಅರ್ಧಂಬರ್ಧ.

“ನಿಮ್ಮದು ಪಟ್ಟಿಗೆ ಬಂತಂತಲ್ಲ ಮಾಸ್ಟ್ರೇ! ಜ್ಯೋತ್ಸ್ನಾ ಹೇಳಿದ್ಳು. ಭಾರೀ ಖುಷಿ ಆಯ್ತು ಮಾರ್ರೆ,” ಎಂದ.

ಮುಖ ನೋಡಿದೆ. ಎಲ್ಲಾದರೂ ಒಂದು ಚೂರು ಕಹಿ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಇವನ ಜಾಗದಲ್ಲಿ ನಾನಿದ್ದರೆ ಬಂಗುಡೆ ಹೋಗಲಿ, ಅದರ ಮುಳ್ಳನ್ನೂ ತರುತ್ತಿರಲಿಲ್ಲ.

“ನಿನ್ನದು ಗೆದ್ದಲು ತಿಂತು ಮಾರಾಯ,” ಎಂದು ಜೋರಾಗಿ ಹೇಳಿದೆ. ಅಡುಗೆಮನೆಯಲ್ಲಿ ಕಾರ್ಮಿನಳ ಕತ್ತಿಯ ಸದ್ದು ನಿಂತಿತು.

“ಹೋಗ್ಲಿ ಬಿಡಿ. ಗೆದ್ದಲು ಬರುವ ಮೊದ್ಲು ನೀವು ಓದಿದ್ರಲ್ಲ?”

“ಓದದೆ ಇರ್ತೇನಾ?”

“ಹಾಗಾದ್ರೆ ಸಾಕು. ಆ ಪತ್ರ ನಿಮಗೆ ಮುಟ್ಟಿತಲ್ಲ, ನನಗೆ ಅಷ್ಟೇ ಬೇಕಾದ್ದು,” ಎಂದು ಎದ್ದ.

ಎಂತ ಪತ್ರ? ನಾಲಿಗೆಯ ತುದಿಗೆ ಬಂತು. ಆದರೆ ಓದಿದ್ದೇನೆ ಎಂದವನು ಹೇಗೆ ಕೇಳುವುದು? ಅವನು ಗೇಟು ದಾಟಿದ ಕೂಡಲೇ ಕಪಾಟಿನ ಎದುರು ಮೊಣಕಾಲೂರಿದೆ. ನೋವಿಗೆ ಜೀವ ಹೋಯಿತು. ಹುರಿಯ ಗಂಟು ಬಿಚ್ಚಲು ನೋಡಿದೆ. ಮೀನುಗಾರನ ಗಂಟು, ಮೇಷ್ಟ್ರ ಉಗುರಿಗೆ ಬಗ್ಗಲಿಲ್ಲ. ಬ್ಲೇಡಿನಿಂದ ಕೊಯ್ದೆ. ಪೇಪರು ಹಪ್ಪಳದ ಹಾಗೆ ಪುಡಿಯಾಯಿತು. ಪುಸ್ತಕ ಮಾತ್ರ ಹೊಸದು.

ಮೊದಲ ಪುಟದಲ್ಲಿ ಹೀಗಿತ್ತು:

‘ಸಂಪಾದಕರಿಗೆ ನಮಸ್ಕಾರ. ನಮ್ಮ ಮಾಸ್ಟ್ರು ನಾಲ್ಕು ಸಾಲು ಬರೆದುಕೊಡು ಅಂದಿದ್ದಾರೆ. ಕಡಲಿನಿಂದ ಸೂರ್ಯ ಹುಟ್ಟುವುದಿಲ್ಲ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ದಡದಲ್ಲಿ ನಿಂತವರಿಗೆ ಅದು ಸರಿ. ಇಂಜಿನ್ ನಿಂತ ಮೇಲೆ ನಮಗೆ ದಡ ಇರಲಿಲ್ಲ. ಸೂರ್ಯ ನೀರಿನಿಂದ ಎದ್ದ, ನೀರಿಗೇ ಇಳಿದ. ಮನೆ ಯಾವ ಕಡೆ ಎಂದು ಹೇಳಲು ಅವನೊಬ್ಬನೇ ಇದ್ದದ್ದು. ಅವನು ಎದ್ದ ಕಡೆಗೆ ಮುಖ ಮಾಡಿ ನಾವು ಮೂವರು ಕೂತುಕೊಳ್ಳುತ್ತಿದ್ದೆವು. ಮಾಸ್ಟ್ರು ಬರೆದದ್ದು ಸತ್ಯ, ನಾನು ಹನ್ನೊಂದು ಬೆಳಿಗ್ಗೆ ನೋಡಿದ್ದೇನೆ. ಆದರೆ ಅಷ್ಟು ಹೇಳಿ ನಿಲ್ಲಿಸಲು ನನಗೆ ಆಗುವುದಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಬೇಕು.’

ಉದ್ದವಾಗಿ ನೂರ ಎಂಬತ್ತು ಪುಟವಾಗಿತ್ತು. ನೆಲದ ಮೇಲೆ ಕೂತಲ್ಲೇ ಓದಿದೆ. ಎಲ್ಲಿಯೂ ಗರ್ಭ ಸೀಳಲಿಲ್ಲ, ಧಗಧಗ ಉರಿಯಲಿಲ್ಲ. ಕೊನೆಯ ಗುಟುಕು ನೀರನ್ನು ಮೂವರೂ ‘ನನಗೆ ಬಾಯಾರಿಕೆ ಇಲ್ಲ’ ಎಂದು ಒಬ್ಬರಿಗೊಬ್ಬರು ದಾಟಿಸುವ ಕಡೆ ಕನ್ನಡಕ ತೆಗೆದು ಒರೆಸಬೇಕಾಯಿತು. ಇದೇ ನೀರಿನ ಸಂಗತಿಯನ್ನು ಅವನು ನನಗೂ ಹೇಳಿದ್ದ. ನಾನು ಆ ಜಾಗದಲ್ಲಿ ಒಂದು ತಿಮಿಂಗಿಲ ತಂದಿದ್ದೆ.

“ಈಗ ಓದಿದ್ರಾ?” ಬಾಗಿಲಲ್ಲಿ ಕಾರ್ಮಿನ್ ನಿಂತಿದ್ದಳು.

“ಇದರಲ್ಲಿ ಹೀಗೆ ಉಂಟು ಅಂತ ನೀನು ಹೇಳ್ಬಾರ್ದಿತ್ತಾ?”

“ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಹೇಳ್ಲಿಕ್ಕೆ ಬಾಯಿ ತೆರೆದದ್ದಕ್ಕೇ ಮೂರು ದಿನ ಮಾತು ಬಿಟ್ಟವರು ಯಾರು? ಪೂರ್ತಿ ಹೇಳಿದ್ರೆ ಮನೆ ಬಿಡ್ತಿದ್ರೋ ಏನೋ! ಗೆದ್ದಲಂತೆ ಗೆದ್ದಲು. ಗೆದ್ದಲು ಇದ್ದದ್ದು ನಿಮ್ಮ ಹೊಟ್ಟೆಯಲ್ಲಿ.”

ಶುಕ್ರವಾರ ಇಡೀ ದಿನ ಮನೆಯೊಳಗೆ ತಿರುಗಿದೆ. ಪುಸ್ತಕವನ್ನು ಮತ್ತೆ ಪ್ರಶ್ನೆಪತ್ರಿಕೆಗಳ ಅಡಿಗೆ ತಳ್ಳಿದರೆ ಹತ್ತನೆಯ ಜಾಗ ನನ್ನದು. ‘ಉಲ್ಟಾ ಸೂರ್ಯ’ ಎಂಬ ಹೆಸರೂ ಸಾಯುವ ತನಕ ನನ್ನದೇ. ಹೊರಗೆ ತಂದರೆ, ಕಥೆ ಓದಿ ಮೊದಲ ಪುಟ ಮರೆತ ಊರಿಗೆ ನಾನು ಸರಿಯೆಂದು ಮತ್ತೆ ತಿಳಿಯುತ್ತದೆ; ಆದರೆ ಜಾಗ ಅವನದಾಗುತ್ತದೆ, ನಾನು ಸುಳ್ಳನಾಗುತ್ತೇನೆ. ಎರಡು ಪುಸ್ತಕಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ನನ್ನದನ್ನೂ ಒಂದು ಅಧ್ಯಾಯ ಓದಿದೆ. ಓದಬಾರದಿತ್ತು.

ಶನಿವಾರ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಶಕ್ತಿನಗರಕ್ಕೆ ಹೋದೆ. ಹಾಲಿನಲ್ಲಿ ಅರುವತ್ತು ಎಪ್ಪತ್ತು ಜನ. ಉದ್ದ ಮೇಜಿನ ಕೊನೆಯಲ್ಲಿ ನನ್ನ ‘ಪ್ರಳಯ ಸಾಗರದ ಸಾಹಸಿ’, ಅದಕ್ಕೊಂದು ಸೇವಂತಿಗೆ ಹೂವು. ಯಾದವ ಇಸ್ತ್ರಿ ಮಾಡಿದ ಅಂಗಿ ಹಾಕಿ ಮೊದಲ ಸಾಲಿನಲ್ಲೇ ಕೂತಿದ್ದ, ನನಗೆ ಚಪ್ಪಾಳೆ ತಟ್ಟಲು.

ಚೀಲದಿಂದ ಅವನ ಪುಸ್ತಕ ತೆಗೆದು ಜ್ಯೋತ್ಸ್ನಾಳ ಕೈಗೆ ಕೊಟ್ಟೆ. “ಗೆದ್ದಲು ಸುಳ್ಳಮ್ಮ. ನನ್ನ ಹತ್ತಿರವೇ ಇತ್ತು. ನನ್ನದು ತೆಗಿ, ಇದನ್ನಿಡು. ಮೊದಲ ಪುಟ ಗಟ್ಟಿಯಾಗಿ ಓದು.”

ಅವಳು ನನ್ನ ಮುಖ ನೋಡಿದಳು, ಓದಿದಳು. ‘ಮಾಸ್ಟ್ರು ಬರೆದದ್ದು ಸತ್ಯ’ ಎಂಬಲ್ಲಿಗೆ ಬಂದಾಗ ಹಿಂದಿನಿಂದ ಯಾರೋ “ಹೋ, ಉಲ್ಟಾ ಸೂರ್ಯ!” ಎಂದರು. ಆದರೆ ಯಾರೂ ನಗಲಿಲ್ಲ. ನಲವತ್ತು ವರ್ಷಗಳಿಂದ ನಾನು ಕಾದಿದ್ದ ಗಳಿಗೆ ಅದು. ಅದು ಬಂದದ್ದೂ ಅವನ ವಾಕ್ಯಗಳಲ್ಲೇ, ನೋಡಿ. ಕೃತಜ್ಞತೆ ಅರ್ಧ, ಉರಿ ಅರ್ಧ.

ಯಾದವ ಎದ್ದು ಬಂದ. ಪುಸ್ತಕ ಮುಟ್ಟಲಿಲ್ಲ. ನನ್ನ ಚೀಲದ ಬಾಯಿಯಿಂದ ಹೊರಗೆ ಇಣುಕುತ್ತಿದ್ದ ಬಲೆಯ ಹುರಿಯನ್ನು ಎಳೆದುಕೊಂಡ. ಗಂಟು ಹಾಗೆಯೇ ಇತ್ತು. ಪಕ್ಕದಲ್ಲಿ ಬ್ಲೇಡಿನ ಕೊಯ್ತ, ಹೊಸದು.

“ಇದು ನಾನೇ ಹಾಕಿದ ಗಂಟು,” ಎಂದ. “ನೀವು ಬಿಚ್ಚಲೇ ಇಲ್ವಾ ಮಾಸ್ಟ್ರೇ?”

“ಮೊನ್ನೆ ಬಿಚ್ಚಿದ್ದು.”

ಅವನು ಹುರಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. “ಇನ್ನೊಂದು ಬರೀಲಿಕ್ಕೆ ಶುರು ಮಾಡಿದ್ದೆ,” ಎಂದ. “ಮೊದಲನೆಯದು ಓದಿ ನೀವು ಎಂತ ಹೇಳ್ತೀರಿ ನೋಡುವ ಅಂತ ಕಾದೆ. ನೀವು ಏನೂ ಹೇಳ್ಲಿಲ್ಲ. ಚಂದ ಇಲ್ಲ, ಬಾಯಿಬಿಟ್ಟು ಹೇಳ್ಲಿಕ್ಕೆ ಮಾಸ್ಟ್ರಿಗೆ ಸಂಕೋಚ ಅಂತ ತಿಳ್ಕೊಂಡೆ. ಮತ್ತೆ ಬರೀಲಿಲ್ಲ.”

ಒಂದೇ ಪುಸ್ತಕದವನು ಎಂದು ಇಷ್ಟು ವರ್ಷ ನಾನು ಒಳಗೊಳಗೇ ಆಡಿಕೊಂಡು ನಗುತ್ತಿದ್ದೆ. ಅವನನ್ನು ಒಂದೇ ಪುಸ್ತಕದವನನ್ನಾಗಿ ಮಾಡಿದ್ದು ನಾನು.

“ಚಂದ ಉಂಟು ಯಾದವ,” ಎಂದೆ. “ನನ್ನದಕ್ಕಿಂತ ಚಂದ ಉಂಟು.”

ಅವನು ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿದ. “ಎಂತ? ಕೇಳ್ಲಿಲ್ಲ ಮಾಸ್ಟ್ರೇ.”

ಹಾಲಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸಲು ಕೂಗುತ್ತಿದ್ದೆನಲ್ಲ, ಆ ದನಿಯಲ್ಲಿ ಇನ್ನೊಮ್ಮೆ ಹೇಳಿದೆ.