ಅಜ್ಜಂಪುರದಲ್ಲಿ ತುಂಬಾಲು ತಂಡ

ತುಂಬಾಲು ದ್ವೀಪದೇಶದ ರಾಷ್ಟ್ರೀಯ ರಗ್ಬಿ ತಂಡ ಹೆಬ್ಬೆ ಜಲಪಾತ ನೋಡಿಕೊಂಡು, ನಮ್ಮೂರ ಹುಡುಗರ ಜೊತೆ ಒಂದು ಸ್ನೇಹಪಂದ್ಯ ಆಡಲು ಅಜ್ಜಂಪುರಕ್ಕೆ ಬಂದಿಳಿದಾಗ ಮಿನಿಬಸ್ಸು ನಿಟ್ಟುಸಿರು ಬಿಟ್ಟು ಅರ್ಧ ಅಡಿ ಮೇಲೆದ್ದಿತು.

"ಬೀರೂರಿಗೆ ಹೋಗಬೇಕಾದ ಬೀರುಗಳು ಇಲ್ಲಿಗೇ ಬಂದಿವೆ ಕಣ್ರಪ್ಪೋ!" ಎಂದೆ ಕಾಮೆಂಟರಿ ಮೈಕಿನಲ್ಲಿ. ಎಲ್ಲರೂ ನಕ್ಕರು, ನಮ್ಮ ತಂಡದ ನಾಯಕ ಓಂಕಾರೇಶನೊಬ್ಬನನ್ನು ಬಿಟ್ಟು.

ಅವನ ಸಂಕಟ ಬೇರೆ. ಮೈದಾನ ತೆಂಗಿನಕಾಯಿ ವ್ಯಾಪಾರಿ ಕಲ್ಲೇಶಪ್ಪನವರದು. "ಲೇ ಓಂಕಾರ, ಬಾಲು ತಬ್ಕೊಂಡು ಓಡೋದೂ ಒಂದ್ ಆಟವೇನಲೇ? ಇವತ್ತು ಸೋಲ್ಲಿಲ್ಲ ಅಂದ್ರೆ ಜಾಗ ನಿಮ್ದು. ಸೋತ್ರೋ, ನಾಳೆನೇ ಕಾಯಿ ರಾಶಿ ಹಾಕ್ಸ್ತೀನಿ" ಎಂದುಬಿಟ್ಟಿದ್ದರು. ನಮ್ಮ ಹುಡುಗರಿಗೆ ರಗ್ಬಿಯಲ್ಲಿ ಬರುತ್ತಿದ್ದದ್ದು ತಲೆ ತಗ್ಗಿಸಿ ಗುಂಪಾಗಿ ನೂಕುವುದೊಂದೇ. ಅದೂ ಸಂಜೆಯ ತರೀಕೆರೆ ಬಸ್ಸು ಕಲಿಸಿದ ವಿದ್ಯೆ.

ಆಟಕ್ಕೆ ಮೊದಲು ತುಂಬಾಲು ತಂಡ ಸಾಲಾಗಿ ನಿಂತು, ನೆಲ ಗುದ್ದಿ, ಸವಾಲಿನ ಕುಣಿತ ಶುರುಮಾಡಿತು. ಅವರ ನಾಯಕ ಫೇಟೋ ಕೂಗಿದ ಕೂಗಿಗೆ ಬೇಲಿಯ ಕಾಗೆಗಳು ಊರು ಬಿಟ್ಟವು.

"ಇದಕ್ಕೆ ಉತ್ತರ ಕೊಡದಿದ್ರೆ ಅವಮಾನ ಅಂತೆ ಅವರಲ್ಲಿ" ಎಂದರು ರೆಫರಿ ಶರ್ಮಿಳಾ ಮೇಡಂ. ಓಂಕಾರೇಶ ತನ್ನ ಬೂಟು ನೋಡಿಕೊಂಡ.

ನನ್ನ ನಾಲಿಗೆ ಸುಮ್ಮನಿರಲಿಲ್ಲ. ಕಲ್ಲೇಶಪ್ಪನವರು ವಯಸ್ಸಿನಲ್ಲಿ ವೀರಗಾಸೆ ಕುಣಿದವರು. ಅವರದೇ ದನಿ ಮಾಡಿ, ಕುಣಿತದ ನಡುವೆ ವೀರಭದ್ರನನ್ನು ಹೊಗಳಿ ಅವರು ಗುಡುಗುತ್ತಿದ್ದ ಒಡಪೊಂದನ್ನು ಮೈಕಿನಲ್ಲಿ ಹೊಡೆದೆ.

"ಯಾವನ್ಲೇ ಅವ್ನು! ದನಿ ಕದ್ರೆ ಕದ್ಕಳ್ಲಿ, ಅರ್ಧ ಒಡಪು ನುಂಗ್ಬಿಟ್ನಲ್ಲೋ!" ಕಲ್ಲೇಶಪ್ಪನವರು ಕುರ್ಚಿಯಿಂದ ಎದ್ದೇ ಬಿಟ್ಟರು. ಬಿದ್ದಿದ್ದ ತೆಂಗಿನ ಮಟ್ಟೆಯೇ ಕತ್ತಿಯಾಯಿತು. ಪಂಚೆ ಎತ್ತಿ ಕಟ್ಟಿ, ಫೇಟೋನ ಎದೆಮಟ್ಟಕ್ಕೆ ನಿಂತು, ಪೂರ್ತಿ ಒಡಪನ್ನು ಮೈಕಿಲ್ಲದೆಯೇ ಹೇಳಿದರು.

ಫೇಟೋನ ಮುಖ ಅರಳಿತು. ಅಂತೂ ಉತ್ತರ ಬಂತು! ಅವನು ಇನ್ನೊಂದು ಸವಾಲು ಕೂಗಿದ. ಇವರು ಇನ್ನೊಂದು ಒಡಪು ಹೇಳಿದರು. ಮರುಮಾತಿಲ್ಲದೆ ಹಿಂದೆ ಸರಿಯುವುದು ಅವರ ದ್ವೀಪದಲ್ಲೂ ಇಲ್ಲ, ವೀರಗಾಸೆಯಲ್ಲೂ ಇಲ್ಲ. ಯಾರೋ ಕರಡೆ ವಾದ್ಯ ತಂದರು. ತುಂಬಾಲುವಿನ ಬೀರುಗಳೆಲ್ಲ ಅದರ ಪೆಟ್ಟಿಗೆ ಕುಣಿಯತೊಡಗಿದವು. ಶರ್ಮಿಳಾ ಮೇಡಂ ಪೀಪಿ ಬಾಯಿಗಿಟ್ಟಾಗಲೆಲ್ಲ ಕಲ್ಲೇಶಪ್ಪನವರು, "ವಸಿ ತಡಿಯವ್ವಾ, ಅವ್ನು ಅಂದಿದ್ದಕ್ಕೆ ನಾನ್ ಅನ್ಬ್ಯಾಡ್ವಾ?" ಎಂದು ಗದರುತ್ತಿದ್ದರು.

ಹೊತ್ತು ಮುಳುಗಿತು. ಕಡೂರಿನಲ್ಲಿ ಅವರ ರೈಲು ತಪ್ಪುತ್ತದೆಂದು ಡ್ರೈವರ್ ಹಾರ್ನ್ ಒತ್ತಿದ. ಹೊರಟ ಬಸ್ಸಿನ ಕಿಟಕಿಯಿಂದ ಫೇಟೋ ಕೊನೆಯದಾಗಿ ಒಂದು ಕೂಗು ಕೂಗಿ ಮರೆಯಾದ.

ಓಂಕಾರೇಶ ಮೆಲ್ಲಗೆ ಬಂದ. "ಮಾವ, ನಾವು ಸೋಲ್ಲಿಲ್ಲ ಅಲ್ವಾ?"

"ಆಡಿದ್ರೆ ತಾನೇನೋ ಸೋಲಾದು!" ಕಲ್ಲೇಶಪ್ಪನವರು ಏದುಸಿರು ಬಿಡುತ್ತಾ ರಸ್ತೆಯನ್ನೇ ನೋಡಿದರು. "ಕಾಯಿ ಎಲ್ಲಾದ್ರೂ ಹಾಕಿಸ್ಕತೀನಿ. ಆ ಬಡ್ಡೀಮಗ ಕೊನೇಲಿ ಕೂಗಿ ಹೋದ ನೋಡು, ಅದಕ್ಕೆ ಉತ್ತರ ಬಾಕಿ ಐತೆ. ಕರ್ಸಲೇ ಅವ್ನ. ಬಂದ್ರೆ ನಿಲ್ಲಾಕೆ ಜಾಗ ಬ್ಯಾಡ್ವಾ?"