ಚರ್ಮ ಒಣಗುವವರೆಗೆ

ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಒಂದು ಹನಿಯೂ ಉಳಿಯದ ಹಾಗೆ ಹಿಂಡಿ, ಆಕೆ ಮತ್ತೆ ಡ್ರೈವರ್ ಸೀಟಿನ ಹೊಲಿಗೆಯ ಮೇಲೆ ಒತ್ತಿದಳು. ಉಜ್ಜಲಿಲ್ಲ, ಬರೀ ಒತ್ತಿದಳು. ನಾಲ್ಕನೆಯ ಸಲಕ್ಕೆ ಬಟ್ಟೆಗೆ ಹಳದಿ ಹತ್ತುವುದು ನಿಂತಿತು.

ಪಿಕಪ್ಪಿನ ಬಾಗಿಲ ಬಳಿ ಮೈದುನ ನಿಂತಿದ್ದ. ಅಣ್ಣನ ಗಾಡಿಯನ್ನು ಮನೆಯ ಮುಂದಕ್ಕೆ ತರುತ್ತೇನೆಂದು ಬೀಗದ ಕೈ ಹಿಡಿದು ಹೊರಟವನು, ಬಾಗಿಲು ತೆರೆದು, ಹಾಸಿದ್ದ ಕಂಬಳಿ ಎತ್ತಿ ನೋಡಿ, ಮುಖ ಹುಳ್ಳಗೆ ಮಾಡಿಕೊಂಡು ಮರಳಿ ಬಂದಿದ್ದ. ಅವನು ಬಾಯಿ ಬಿಡುವ ಮೊದಲೇ ಅವಳಿಗೆ ಅರ್ಥವಾಗಿತ್ತು. ನಿನ್ನೆ ಮಧ್ಯಾಹ್ನ ಅವಳ ಗಂಡ ಸತ್ತದ್ದು ಈ ಸೀಟಿನಲ್ಲೇ. ಪ್ರಾಣ ಹೋಗುವಾಗ ಮೈ ಯಾರ ಹಿಡಿತದಲ್ಲೂ ಇರುವುದಿಲ್ಲ.

"ಅತ್ತಿಗೆ, ಬೇರೆ ಗಾಡಿ ಹೇಳ್ತೀನಿ ಬಿಡಿ. ಅರ್ಧ ಗಂಟೇಲಿ ಬರುತ್ತೆ."

"ಇದ್ರಲ್ಲೇ ಹೋಗ್ಬೇಕು ಅವರು."

"ಹಾಗಾದ್ರೆ ಸೀಟಿನ ಮೇಲೊಂದು ಪ್ಲಾಸ್ಟಿಕ್ ಹಾಸ್ಕೊಂಡು ಓಡಿಸ್ತೀನಿ."

"ಪ್ಲಾಸ್ಟಿಕ್ಕಾ? ನಿಮ್ಮಣ್ಣನ ಸೀಟಿಗೆ?"

ಮೈದುನ ತಲೆ ತಗ್ಗಿಸಿದ. "ಎಷ್ಟು ಹೊತ್ತಾಗುತ್ತೆ?"

"ಒಣಗೋಕೆ ಒಂದು ಗಂಟೆ. ಆಮೇಲೆ ಕ್ರೀಮು ಹಚ್ಚಿ ಹತ್ತು ನಿಮಿಷ ಬಿಡ್ಬೇಕು."

"ಸ್ಮಶಾನದವರು ಹನ್ನೊಂದಕ್ಕೆ ಸರಿಯಾಗಿ ಬನ್ನಿ ಅಂದಿದ್ದಾರೆ."

"ಕಾಯ್ಲಿ. ಅಲ್ಲಿ ಯಾರಿಗೂ ಅವಸರ ಇರಲ್ಲ."

"ಗಾಡೀನ ಬಿಸಿಲಿಗೆ ತಳ್ಳಲಾ? ಬೇಗ ಒಣಗುತ್ತೆ."

"ಬಿಸಿಲು ಬೇಡ. ಚರ್ಮ ಸೀಳಿ ಹೋಗುತ್ತೆ."

ಅದು ಗಂಡನ ಮಾತು. ತನ್ನ ಬಾಯಿಂದ ಬಂದದ್ದು ಕೇಳಿ ಅವಳಿಗೇ ಒಂದು ಥರ ಆಯಿತು. ಊರೆಲ್ಲ ಅವನನ್ನು ಗುರುತಿಸುತ್ತಿದ್ದದ್ದು ಈ ಸೀಟಿನಿಂದ. ಕೊನೆಗೆ ಅದರ ಕಲೆಯಿಂದ ನೆನಪಿಟ್ಟುಕೊಳ್ಳುವುದು ಬೇಡ, ಅಷ್ಟೇ ಅವಳಿಗೆ ಬೇಕಿದ್ದದ್ದು. ಅದರ ಹಿಂದೆ ಇನ್ನೊಂದು ಪ್ರಶ್ನೆ ಕೂತಿತ್ತು. ಅದನ್ನು ಯಾರ ಹತ್ತಿರವೂ ಕೇಳುವಂತಿರಲಿಲ್ಲ.

*

ಅವನು ಮನೆ ಬದಲಾಯಿಸುವವರ ಮಂಚ, ಕಪಾಟು, ಕನ್ನಡಿ ಸಾಗಿಸುತ್ತಿದ್ದ. ಸೆಕೆಂಡ್ ಹ್ಯಾಂಡ್ ಪಿಕಪ್ಪು ಕೊಂಡಾಗ ಅದರ ಸೀಟುಗಳಲ್ಲಿ ಸ್ಪಂಜು ಹೊರಬಂದಿತ್ತು. ಒಂದು ದಿನ ಗುಜರಿ ಅಂಗಡಿಯಿಂದ, ಜಜ್ಜಿಹೋದ ಯಾವುದೋ ಸಿರಿವಂತರ ಕಾರಿನ ಎರಡು ಕಂದು ಚರ್ಮದ ಸೀಟುಗಳನ್ನು ಹೊತ್ತು ತಂದ. ಬೋಲ್ಟು ಕೂರದೆ ಎರಡು ಭಾನುವಾರ ಒದ್ದಾಡಿ, ಅಂತೂ ಕೂರಿಸಿದ. ಹೊರೆ ಹೊರುವ ಗಾಡಿಗೆ ಚರ್ಮದ ಸೀಟು! ಬೀದಿಯವರಿಗೆ ನಗುವುದಕ್ಕೆ ಅಷ್ಟು ಸಾಕಾಯಿತು. ಅಂದಿನಿಂದ ಅವನು 'ಸೀಟು ಸಾಹೇಬ.' ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಯಾರಾದರೂ ಹಾಗೆ ಕರೆದರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ತಿಂಗಳಿಗೊಮ್ಮೆ ಆ ಸೀಟುಗಳ ಸೇವೆ. ಮೊದಲು ಹಳೆಯ ಶೇವಿಂಗ್ ಬ್ರಶ್ಶಿನಿಂದ ಹೊಲಿಗೆಯ ಸಂದಿನ ಧೂಳು ತೆಗೆಯಬೇಕು. ಆಮೇಲೆ ಮೆದು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಆಮೇಲೆ ನೆರಳಲ್ಲಿ ಒಣಗುವುದು. ಪೂರ್ತಿ ಒಣಗುವ ಮೊದಲು ಕ್ರೀಮು ಹಚ್ಚಿದರೆ ತೇವ ಒಳಗೇ ಸಿಕ್ಕಿ ಚರ್ಮ ಕೊಳೆಯುತ್ತದೆ. ಕ್ರೀಮು ಹಚ್ಚಿದ ಮೇಲೆ ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಒರೆಸಲೇಬೇಕು. ಬಿಟ್ಟರೆ ಬೆಳ್ಳಗೆ ಪೊರೆ ಕಟ್ಟಿ ಅಂಟಂಟಾಗುತ್ತದೆ. ಆ ಹತ್ತು ನಿಮಿಷ ಅವನು ಕೈಗಡಿಯಾರದಿಂದ ಕಣ್ಣು ಕೀಳುತ್ತಿರಲಿಲ್ಲ. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ಹರಿದಾಗ ಆಕೆ ಕೂಗಿಕೊಂಡರೂ, "ಇನ್ನೂ ಎರಡು ನಿಮಿಷ ಇದೆ" ಎಂದಿದ್ದ ಭೂಪ.

ಜಗಳವಾದಾಗಲೂ ಅವನು ಹೋಗಿ ಕೂರುತ್ತಿದ್ದದ್ದು ಪಿಕಪ್ಪಿನಲ್ಲೇ. ಆಕೆ ಅರ್ಧ ಗಂಟೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡು, ಒಂದು ಲೋಟ ಚಹಾ ಹಿಡಿದು ಹೋಗಿ, ಬೆರಳ ಗೆಣ್ಣಿನಿಂದ ಗಾಜನ್ನು ಎರಡು ಸಲ ತಟ್ಟುತ್ತಿದ್ದಳು. ಅವನು ಗಾಜು ಇಳಿಸಿ ಲೋಟ ತೆಗೆದುಕೊಳ್ಳುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಜಗಳ ಮುಗಿಯಿತು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

*

ಹತ್ತೂವರೆಗೆ ನಾದಿನಿ ಹೊರಗೆ ಬಂದಳು. ಅಳುವಿನಿಂದ ಅವಳ ಮೂಗು ಕೆಂಪಾಗಿತ್ತು.

"ಒಳಗೆ ನಮ್ಮಣ್ಣ ಪೆಟ್ಟಿಗೇಲಿ ಮಲಗಿದ್ದಾನೆ, ನೀವಿಲ್ಲಿ ಗಾಡಿ ಬಾಗಿಲು ತೆಗೆದಿಟ್ಟುಕೊಂಡು ನಿಂತಿದ್ದೀರಲ್ಲ ಅತ್ತಿಗೆ! ಜನ ಏನಂದ್ಕೊಳ್ತಾರೆ? ಯಾರಿಗೆ ಕಾಯ್ತಿದ್ದಾರೆ ಅಂತ ಎಲ್ಲ ಕೇಳ್ತಿದ್ದಾರೆ."

"ಒಣಗಲಿ ಅಂತ ಕಾಯ್ತಿದ್ದೀನಿ."

"ಏನು ಒಣಗಲಿ ಅಂತ?"

ಎದುರಿನ ಟೈರು ಅಂಗಡಿಯವನು ಬೀದಿ ದಾಟಿ ಬಂದ. ನಿನ್ನೆ ಹೆಣವನ್ನು ಮೊದಲು ಕಂಡವನು ಅವನು. ಕೆಳಗಿಳಿಸಿ ಒಳಗೆ ಹೊತ್ತುಕೊಂಡು ಹೋದವನೂ ಅವನೇ; ಸಾಮಾನು ಸುತ್ತುವ ಕಂಬಳಿಯನ್ನು ಎರಡೂ ಸೀಟುಗಳ ಮೇಲೆ ಹಾಸಿ ಬಾಗಿಲು ಮುಚ್ಚಿದವನೂ ಅವನೇ.

"ನಿನ್ನೆ ನಾನು ನೀರಿನ ಬಾಟ್ಲಿ ತಂದಿದ್ದೆ, ಅವಸರದಲ್ಲಿ ಸೀಟಿನ ಮೇಲೆ ಚೆಲ್ಲಿಬಿಟ್ಟೆ ಅಮ್ಮ," ಎಂದ ಅವನು ನಾದಿನಿಗೆ, ಕಣ್ಣು ಮಿಟುಕಿಸದೆ. "ಸಾಹೇಬರ ಸೀಟಲ್ವಾ, ಅದಕ್ಕೆ ಅಕ್ಕ ಒರೆಸ್ತಿದ್ದಾರೆ."

"ಇಂಥ ದಿನವೂ ಸೀಟಾ!" ಎಂದು ನಾದಿನಿ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಅವಳಿಗೆ ನಗುವೂ ಬಂತು. "ಒಂದು ಸಲ ನನ್ನ ಮಗು ಐಸ್‌ಕ್ರೀಮ್ ಹಿಡ್ಕೊಂಡು ಹತ್ತೋಕೆ ಹೋಗಿದ್ದಕ್ಕೆ ಹಿಂದೆ ಕಪಾಟಿನ ಪಕ್ಕ ಕೂರಿಸ್ಕೊಂಡು ಬಂದಿದ್ದ, ಪುಣ್ಯಾತ್ಮ." ಮತ್ತೆ ಅಳುತ್ತಾ ಒಳಗೆ ಹೋದಳು.

ಟೈರು ಅಂಗಡಿಯವನು ಹೋಗಲಿಲ್ಲ. ಆಕೆ ದನಿ ತಗ್ಗಿಸಿ ಕೇಳಿದಳು: "ನೀನು ನೋಡಿದಾಗ ಮೈ ಬಿಸಿ ಇತ್ತಾ?"

ಅವನು ಕಾಲಿನಿಂದ ಒಂದು ಕಲ್ಲನ್ನು ಅತ್ತ ಸರಿಸಿದ. "ಅದೆಲ್ಲ ಈಗ ಯಾಕಕ್ಕ?" ಎಂದು ಬಕೆಟ್ಟಿನ ನೀರು ಚೆಲ್ಲಲು ಹೋದ.

*

ನಿನ್ನೆಯದು ಕೊಡೆಯ ಜಗಳ. ಬೆಳಗ್ಗೆ ಅವಳನ್ನು ಆಸ್ಪತ್ರೆಯಿಂದ ಕರೆತರುವಾಗ ತುಂತುರು ಇತ್ತು. ಮಂಡಿ ನೋವಿಗೆ ಸೂಜಿ ಚುಚ್ಚಿಸಿಕೊಂಡು ಕುಂಟುತ್ತಾ ಇಳಿದವಳು, ಒದ್ದೆ ಕೊಡೆಯನ್ನು ತಾನು ಕೂತಿದ್ದ ಸೀಟಿನ ಮೇಲೆಯೇ ಬಿಟ್ಟಳು. ಹನ್ನೆರಡರ ಹೊತ್ತಿಗೆ ಅವನು ಅದನ್ನು ನೋಡಿ ಒಳಗೆ ಬಂದ.

"ಎಷ್ಟು ಸಲ ಹೇಳೋದು? ನೀರು ಕೂತ್ರೆ ಕಲೆ ಹೋಗಲ್ಲ ಅಂತ ಗೊತ್ತಿಲ್ವಾ?"

ಮಂಡಿ ಸಿಡಿಯುತ್ತಿತ್ತು. "ಮೂವತ್ತೊಂದು ವರ್ಷದಿಂದ ಆ ಸೀಟನ್ನ ಉಜ್ತೀರಿ," ಎಂದಳು. "ಅದೇ ಕೈಯಲ್ಲಿ ಒಂದು ದಿನ ನನ್ನ ಕಾಲು ನೀವಿದ್ದೀರಾ? ಹೋಗಿ, ಅಲ್ಲೇ ಇರಿ. ಮನೆಗೆ ಬರಲೇಬೇಡಿ."

ಅವನು ಹೋದ. ಅರ್ಧ ಗಂಟೆಯಾಯಿತು. ಚಹಾ ಕುದಿಯಿತು. ಆಕೆ ಅದನ್ನು ಒಬ್ಬಳೇ ಕುಡಿದಳು. ಇವತ್ತು ಅವರೇ ಬರಲಿ ಎಂದುಕೊಂಡಳು. ಎರಡು ಗಂಟೆಯ ಮೇಲೆ ಟೈರು ಅಂಗಡಿಯವನು ಕೂಗಿದಾಗ, ಸೋತು ಇವನ ಕೈಲಿ ಹೇಳಿ ಕಳಿಸಿದ್ದಾರೆ ಎಂದು ಒಂದು ಕ್ಷಣ ಖುಷಿಯೂ ಪಟ್ಟಿದ್ದಳು.

ಯಾರ ಹತ್ತಿರವೂ ಕೇಳಲಾಗದ ಪ್ರಶ್ನೆ ಇದೇ: ಅರ್ಧ ಗಂಟೆಗೆ ಸರಿಯಾಗಿ ತಾನು ಹೋಗಿ ಗಾಜು ತಟ್ಟಿದ್ದರೆ, ಅವನು ಬದುಕಿರುತ್ತಿದ್ದನೇ?

*

ಹನ್ನೊಂದಾಯಿತು. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದಳು. ಇನ್ನೂ ತಣ್ಣಗಿತ್ತು, ಅಂದರೆ ತೇವವಿತ್ತು. ನಿಂತು ನಿಂತು ಮಂಡಿ ಸೋತಿತ್ತು. ಸುತ್ತಿ ಬಂದು ಆಚೆ ಬದಿಯ ಬಾಗಿಲು ತೆರೆದಳು. ತನ್ನ ಸೀಟಿನ ಮೇಲಿದ್ದ ಕಂಬಳಿಯ ಅರ್ಧವನ್ನು, ಕೂರೋಣವೆಂದು ಎತ್ತಿದಳು.

ಸೀಟು ಬೆಳ್ಳಗಿತ್ತು.

ಅಂಚಿನಿಂದ ಅಂಚಿಗೆ ಕ್ರೀಮು ಹಚ್ಚಿತ್ತು. ಅವನ ಕೈಯ ಸುತ್ತುಗಳು ಹಾಗೇ ಇದ್ದವು. ಎಲ್ಲ ಒಣಗಿ ಪೊರೆ ಕಟ್ಟಿತ್ತು. ಕೊಡೆಯ ಕಲೆ ಕಾಣಲಿಲ್ಲ, ಮೊದಲು ಅದನ್ನು ತೆಗೆದು ಒಣಗಿಸಿಯೇ ಹಚ್ಚಿದ್ದ. ಮುಂದಿನ ಗಾಜಿನ ಕೆಳಗೆ, ಒರೆಸಲೆಂದು ನಾಲ್ಕು ಮಡಿಕೆ ಮಾಡಿಟ್ಟ ಬಟ್ಟೆ ಇತ್ತು. ಮಡಿಕೆ ಬಿಚ್ಚಿರಲಿಲ್ಲ. ಅದರ ಮೇಲೆ ಅವನ ಕೈಗಡಿಯಾರ.

ಅವಳು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಲು ಉಕ್ಕಿದರೂ ಏಳದ ಮನುಷ್ಯ ಹತ್ತು ನಿಮಿಷದ ಮೇಲೆ ಕ್ರೀಮನ್ನು ಒರೆಸದೆ ಬಿಡುವವನಲ್ಲ. ಹಚ್ಚಿ, ಪಕ್ಕದ ಸೀಟಿನಲ್ಲಿ ಕೂತು, ಗಡಿಯಾರ ನೋಡುತ್ತಾ ಕಾದಿದ್ದಾನೆ. ಆ ಹತ್ತು ನಿಮಿಷದೊಳಗೇ ಹೋಗಿದ್ದಾನೆ. ಆದರೆ ಯಾವ ಹತ್ತು ನಿಮಿಷ? ಕಲೆ ತೆಗೆಯಲು ಇಷ್ಟು ಹೊತ್ತು, ಒಣಗಲು ಒಂದು ಗಂಟೆ, ಆಮೇಲೆ ಕ್ರೀಮು. ಒಂದು ದಾಟಿರಬೇಕು. ಅವಳು ಒಬ್ಬಳೇ ಚಹಾ ಕುಡಿದದ್ದು ಹನ್ನೆರಡೂವರೆಗೆ.

ಆಗ ಅವನು ಬದುಕಿದ್ದ. ಗಾಜು ತಟ್ಟಿದ್ದರೆ ಇಳಿಸುತ್ತಿದ್ದ. ಚಹಾ ತೆಗೆದುಕೊಳ್ಳುತ್ತಿದ್ದ. ಅಷ್ಟು ಹೊತ್ತೂ ಅವನು ಅವಳು ಕೂರುವ ಜಾಗವನ್ನೇ ಸರಿಮಾಡುತ್ತಿದ್ದ. ಅವಳಿಗಾಗಿಯೋ ಚರ್ಮಕ್ಕಾಗಿಯೋ, ಇನ್ನು ಯಾರನ್ನು ಕೇಳುವುದು? ನಿನ್ನೆಯಿಂದ ಬಾರದಿದ್ದ ಅಳು ಈಗ ಬಂತು. ಸೀಟಿನ ಮೇಲೆ ಬೀಳದಂತೆ ಆಕೆ ಮುಖವನ್ನು ಹೊರಗೆ ತಿರುಗಿಸಿ ಅತ್ತಳು.

*

ಡ್ರೈವರ್ ಸೀಟು ಒಣಗಿದ ಮೇಲೆ ತೆಳ್ಳಗೆ ಕ್ರೀಮು ಹಚ್ಚಿದಳು. ಅವನ ಗಡಿಯಾರ ನೋಡುತ್ತಾ ಹತ್ತು ನಿಮಿಷ ನಿಂತಳು. ಮನೆಯಿಂದ ತಂದ ಬೇರೊಂದು ಒಣ ಬಟ್ಟೆಯಿಂದ ಒರೆಸಿದಳು. ಹತ್ತಿ ಇಳಿದು ಸವೆದ ಅಂಚಿನ ಬಿರುಕುಗಳು ಹಾಗೇ ಉಳಿದವು. ಉಳಿದದ್ದೆಲ್ಲ ಕಂದಾಗಿ ಮಿಂಚಿತು. ಮೂಸಿ ನೋಡಿದಳು. ಕ್ರೀಮಿನ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಕೂತ್ಕೊ," ಎಂದಳು ಮೈದುನನಿಗೆ.

ಪೆಟ್ಟಿಗೆಯನ್ನು ಹಿಂದೆ ಏರಿಸಿ, ಕಪಾಟುಗಳನ್ನು ಬಿಗಿಯುತ್ತಿದ್ದ ಅವನದೇ ಹಗ್ಗದಿಂದ ಟೈರು ಅಂಗಡಿಯವನು ಕಟ್ಟಿದ. ಆಕೆ ಮುಂದೆ ಹತ್ತಲು ಹೋದಾಗ ನಾದಿನಿ ತಡೆದಳು. "ಅಯ್ಯೋ, ಸೀಟೆಲ್ಲ ಬೆಳ್ಳಗಿದೆ, ಬಟ್ಟೆಗೆ ಅಂಟುತ್ತೆ. ಒರೆಸಿ ಕೂತ್ಕೊಳ್ಳಿ. ಇಲ್ಲೇ ಬಟ್ಟೆ ಇದೆಯಲ್ಲ."

"ಅದನ್ನ ಮುಟ್ಬೇಡ," ಎಂದು ಆಕೆ ಹಾಗೆಯೇ ಕೂತಳು.

ಗಾಡಿ ಬೀದಿ ದಾಟಿತು. ಅವಳ ಬಲಗೈ ಸೀಟಿನ ಮೇಲೆ, ಆ ಸುತ್ತುಗಳ ಮೇಲೆ ಇತ್ತು. ಬೆವರಿಗೆ ಕ್ರೀಮು ಕರಗಿ ಬೆರಳಿಗೂ ಗೆಣ್ಣಿಗೂ ಹತ್ತಿತು. ದೊಡ್ಡ ರಸ್ತೆಯ ತಿರುವಿನಲ್ಲಿ ಆಕೆ ಮಂಡಿ ಹಿಡಿದುಕೊಂಡು ಹಿಂದಕ್ಕೆ ತಿರುಗಿದಳು. ಬೆನ್ನ ಹಿಂದೆ ಚಿಕ್ಕ ಗಾಜಿತ್ತು, ಗಾಜಿನಾಚೆ ಪೆಟ್ಟಿಗೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು.

ಮೈದುನ ತಟ್ಟನೆ ಬ್ರೇಕಿನ ಮೇಲೆ ಕಾಲಿಟ್ಟ. "ನಿಲ್ಲಿಸ್ಬೇಕಾ ಅತ್ತಿಗೆ?"

"ನಿನಗಲ್ಲ. ನೀನು ಓಡಿಸು."

ಗಾಡಿ ಮತ್ತೆ ಹೊರಟಿತು. ಗಾಜಿನ ಮೇಲೆ ಎರಡು ಬಿಳಿ ಗುರುತು ಉಳಿದಿದ್ದವು. ಸ್ಮಶಾನ ಬರುವವರೆಗೂ ಆಕೆ ಹಾಗೇ ತಿರುಗಿಕೊಂಡು ಕೂತಿದ್ದಳು, ಗಾಜು ಈಗ ಇಳಿಯುತ್ತದೆ ಎನ್ನುವ ಹಾಗೆ.